ರಾಣಿಯ ಐದು ಪಿಯಾನೊಗಳು



ಪಿಯಾನೊ ಎಂದೊಡನೆ ಸಿನಿಮಾದ ಶ್ರೀಮಂತರ ಮನೆಯಲ್ಲಿ ಕಾಣುವ ಭಾರೀ ಕರಿಯ ವಾದ್ಯ ನಿಮಗೆ ನೆನಪಾದೀತು. ಈ ಹೊತ್ತು ನಾನು ಹೇಳಹೊರಟಿರುವುದು ಅದರ ಮುತ್ತಜ್ಜನ ಸಂಗತಿ. ಅದಕ್ಕೆ ಕಬ್ಬಿಣದ ಚೌಕಟ್ಟಿಲ್ಲ. ಮರದ ಪೆಟ್ಟಿಗೆ, ತೆಳು ತಂತಿ, ಮೆಲುದನಿ.

ಅದಕ್ಕೂ ಮೊದಲು ಯುರೋಪಿನ ಅರಮನೆಗಳಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್. ಹಾರ್ಮೋನಿಯಂನಂತೆ ಅದಕ್ಕೂ ಕೀಲಿಮಣೆ ಉಂಟು. ಕೀಲಿ ಒತ್ತಿದರೆ ಒಳಗೊಂದು ಹಕ್ಕಿಗರಿಯ ಚೂರು ತಂತಿಯನ್ನು ಮೀಟುತ್ತದೆ. ಮೆತ್ತಗೆ ಒತ್ತಿ, ಜೋರಾಗಿ ಒತ್ತಿ, ದನಿ ಹೆಚ್ಚುಕಡಿಮೆ ಒಂದೇ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಿ ಗರಿಯ ಜಾಗದಲ್ಲಿ ಪುಟ್ಟ ಸುತ್ತಿಗೆ ಇಟ್ಟ. ಕಾಗದ ಸುತ್ತಿ ಮಾಡಿದ ಬಳೆ, ಅದರ ಮೇಲೊಂದು ಚರ್ಮದ ತುಣುಕು. ವೀಣೆ ಮೀಟುವುದಕ್ಕೂ ಸಂತೂರಿನ ಮೇಲೆ ಕಡ್ಡಿ ಆಡಿಸುವುದಕ್ಕೂ ಇರುವಂಥ ವ್ಯತ್ಯಾಸ ಇದು. ಬೆರಳ ಭಾರಕ್ಕೆ ತಕ್ಕಂತೆ ದನಿ ಏರತೊಡಗಿತು, ಇಳಿಯತೊಡಗಿತು. ಆತ ಮಾಡಿದ ಮೂರು ಪಿಯಾನೊಗಳು ಉಳಿದಿವೆ: 1720ರದು ನ್ಯೂಯಾರ್ಕಿನಲ್ಲಿ, 1722ರದು ರೋಮಿನಲ್ಲಿ, 1726ರದು ಲೈಪ್‌ಜಿಗ್‌ನಲ್ಲಿ.

ಇನ್ನು ಸ್ಪೇನ್ ದೇಶಕ್ಕೆ ಬರೋಣ. ಡೊಮೆನಿಕೊ ಸ್ಕಾರ್ಲಾಟಿ 1685ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದವನು. ಪೋರ್ಚುಗಲ್ ದೊರೆಯ ಆಸ್ಥಾನ ಸೇರಿ, ರಾಜಕುಮಾರಿ ಮಾರಿಯಾ ಬಾರ್ಬರಾಗೆ ಗುರುವಾದ. 1729ರಲ್ಲಿ ಆಕೆ ಸ್ಪೇನಿನ ರಾಜಕುಮಾರನ ಕೈ ಹಿಡಿದಾಗ ಗುರುವೂ ಹಿಂದೆಯೇ ಹೊರಟ. 1757ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಸಾಯುವ ತನಕ ಆಕೆಯ ಸೇವೆಯಲ್ಲೇ ಇದ್ದ. ಕೀಲಿಮಣೆಗಾಗಿ ಆತ ಬರೆದ 555 ಸೊನಾಟಗಳು ಲೆಕ್ಕಕ್ಕೆ ಸಿಕ್ಕಿವೆ. ಬಹುಪಾಲು ಪುಟ್ಟ ಕೃತಿಗಳು. ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುವುದು.

ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು ಮಾತು ಆಡುವ ನಮಗೆ ಈತನ ಸಂಗೀತದ ರುಚಿ ಬೇಗ ಹತ್ತೀತು. ಕಲಿತು ಬಂದದ್ದು ಇಟಲಿಯ ಪಾಠ. ಆದರೆ ಕಿವಿಗೆ ಬಿದ್ದದ್ದು ಸ್ಪೇನಿನ ಗಿಟಾರು. 119ನೆಯ ಸೊನಾಟದಲ್ಲಿ ಒಂದು ಹಿಡಿ ಸ್ವರಗಳು ಒಟ್ಟಿಗೇ ಬೀಳುತ್ತವೆ, ಗಿಟಾರಿನ ಎಲ್ಲ ತಂತಿಗಳ ಮೇಲೂ ಬೆರಳು ಉಜ್ಜಿದ ಹಾಗೆ. ಒರಟು ಎನ್ನಿ, ಸೊಗಸು ಎನ್ನಿ, ನನಗಂತೂ ಇಷ್ಟ.

ಇವನ್ನು ಯಾವ ವಾದ್ಯದಲ್ಲಿ ನುಡಿಸಬೇಕು? ತಕರಾರು ಇರುವುದು ಇಲ್ಲೇ. 1758ರಲ್ಲಿ ರಾಣಿ ತೀರಿಕೊಂಡ ಮೇಲೆ ಆಕೆಯ ವಾದ್ಯಗಳ ಪಟ್ಟಿ ಮಾಡಿದರು. ಒಟ್ಟು ಹನ್ನೆರಡು. ಅವುಗಳಲ್ಲಿ ಐದು ಫ್ಲಾರೆನ್ಸಿನಲ್ಲಿ ಪಿಯಾನೊಗಳಾಗಿ ತಯಾರಾದವು. ಆದರೆ ಎರಡರೊಳಗಿನ ಸುತ್ತಿಗೆಗಳನ್ನು ಕಿತ್ತು, ಮತ್ತೆ ಗರಿ ಕೂರಿಸಿ, ಹಾರ್ಪ್ಸಿಕಾರ್ಡ್ ಮಾಡಿಬಿಟ್ಟಿದ್ದರು! ಅದೂ ಅಲ್ಲದೆ ಕೊನೆಗಾಲದ ಕೆಲವು ಸೊನಾಟಗಳಿಗೆ ಪೂರಾ ಐದು ಸಪ್ತಕಗಳ ಕೀಲಿಮಣೆ ಬೇಕು. ಆ ಪಿಯಾನೊಗಳಿಗೆ ಅಷ್ಟು ಹರವಿರಲಿಲ್ಲ. ಹಾಗಾಗಿ ಹಾರ್ಪ್ಸಿಕಾರ್ಡೇ ಸರಿ ಎನ್ನುವವರ ವಾದ ಹುಸಿಯಲ್ಲ.

ಆದರೂ 208ನೆಯ ಸೊನಾಟವನ್ನು ಹಳೆಯ ಮಾದರಿಯ ಪಿಯಾನೊದಲ್ಲಿ ಒಮ್ಮೆ ಕೇಳಿ. ಎಡಗೈ ಒಂದೇ ನಡಿಗೆಯಲ್ಲಿ ಹೆಜ್ಜೆ ಹಾಕುತ್ತಿರುತ್ತದೆ. ಬಲಗೈ ತುಸು ತಡೆದು, ಏನೋ ಯೋಚಿಸಿ ಬಂದಂತೆ ಹಾಡುತ್ತದೆ. ಸುತ್ತಿಗೆಯ ವಾದ್ಯದಲ್ಲಿ ಎಡಗೈಯನ್ನು ಪಿಸುಮಾತಿಗೆ ಇಳಿಸಬಹುದು. ಆಗ ಹಾಡು ತಾನಾಗಿ ಮೇಲೆ ತೇಲುತ್ತದೆ. ಚರ್ಮದ ಸುತ್ತಿಗೆಯ ಆ ನಾದ ಇಂದಿನ ಪಿಯಾನೊದಂತೆ ದಪ್ಪವಲ್ಲ, ಗಿಟಾರಿಗೇ ಹತ್ತಿರ.

ಈ ಸೊನಾಟಗಳ ಒಂದು ಪುಟವೂ ಸ್ಕಾರ್ಲಾಟಿಯ ಕೈಬರಹದಲ್ಲಿ ಉಳಿದಿಲ್ಲ. 1738ರಲ್ಲಿ ಅಚ್ಚಾದ ಸಂಗ್ರಹದಲ್ಲಿದ್ದವು ಮೂವತ್ತೇ. ಮಿಕ್ಕವುಗಳಲ್ಲಿ ಬಹಳಷ್ಟು ನಮಗೆ ಸಿಕ್ಕಿದ್ದು ರಾಣಿಗಾಗಿ ಪ್ರತಿ ಮಾಡಿದ ಪುಸ್ತಕಗಳಿಂದ. ಆ ಹದಿನೈದು ಸಂಪುಟಗಳು ಈಗ ವೆನಿಸ್‌ನಲ್ಲಿವೆ. ರಾಣಿ ಅವನ್ನು ಉಯಿಲಿನಲ್ಲಿ ಬಿಟ್ಟುಹೋದದ್ದು ಆಸ್ಥಾನದ ಗಾಯಕ ಫಾರಿನೆಲ್ಲಿಗೆ. ಸ್ಕಾರ್ಲಾಟಿಯ ಜೊತೆ ಇಪ್ಪತ್ತು ವರ್ಷ ಒಂದೇ ಆಸ್ಥಾನದಲ್ಲಿದ್ದವನು ಅವನು.

1770ರಲ್ಲಿ ಚಾರ್ಲ್ಸ್ ಬರ್ನಿ ಎಂಬ ಇಂಗ್ಲಿಷ್ ಪ್ರವಾಸಿ ಇಟಲಿಯ ಬೊಲೊನ್ಯಾದಲ್ಲಿ ಮುದುಕನಾಗಿದ್ದ ಫಾರಿನೆಲ್ಲಿಯನ್ನು ಕಂಡು ಬಂದ. ಮನೆಯ ತುಂಬ ವಾದ್ಯಗಳು. ರಾಣಿ ಕೊಟ್ಟ ಹಾರ್ಪ್ಸಿಕಾರ್ಡಿಗೆ ಫಾರಿನೆಲ್ಲಿಯ ಮನಸ್ಸಿನಲ್ಲಿ ಎರಡನೆಯ ಸ್ಥಾನ. ಮೊದಲನೆಯದು 1730ರಲ್ಲಿ ಫ್ಲಾರೆನ್ಸಿನಲ್ಲಿ ತಯಾರಾದ ಒಂದು ಪಿಯಾನೊಗೆ. ಅದರ ಮೇಲೆ ಚಿತ್ರಗಾರ ರಾಫೆಲನ ಹೆಸರನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಿದ್ದ.