ಮೊಡವೆ ಎಣಿಸಿದವರು

ಏನೂ ಹಚ್ಚದೆ ಸುಮ್ಮನಿದ್ದರೂ ಸಣ್ಣ ಮೊಡವೆ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಮದ್ದು ಹುಡುಕುವವರಿಗೆ ಇದೇ ದೊಡ್ಡ ತಲೆನೋವು. ಯಾವುದೋ ಸೊಪ್ಪಿನ ರಸ ಹಚ್ಚಿದಿರಿ, ಮೊಡವೆ ಹೋಯಿತು ಅನ್ನಿ. ಸೊಪ್ಪಿನಿಂದ ಹೋಯಿತೋ, ಅದರ ಪಾಡಿಗೆ ಅದು ಹೋಯಿತೋ, ಹೇಳುವುದು ಹೇಗೆ?

ಆಸ್ಟ್ರೇಲಿಯಾದಲ್ಲಿ ಟೀ ಟ್ರೀ ಎಂಬ ಮರವಿದೆ. ಹೆಸರು ಹಾಗಿದ್ದರೂ ನಾವು ಕುಡಿಯುವ ಟೀಗೂ ಅದಕ್ಕೂ ನಂಟಿಲ್ಲ. ಅದು ನೀಲಗಿರಿ, ನೇರಳೆ, ಸೀಬೆಗಳ ಕುಟುಂಬದ್ದು. ಅಲ್ಲಿನ ಮೂಲನಿವಾಸಿಗಳಾದ ಬಂಜಲಂಗ್ ಜನ ಇದರ ಎಲೆ ಜಜ್ಜಿ ಗಾಯಕ್ಕೆ ಹಚ್ಚುತ್ತಿದ್ದರು. ಎಲೆಗೆ ಹಬೆ ಹಾಯಿಸಿ ತೆಗೆದ ಎಣ್ಣೆ, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೆ ಮುಖ ಗಾಜಿನ ತಟ್ಟೆಯಲ್ಲವಲ್ಲ! ಹರೆಯದಲ್ಲಿ ಚರ್ಮದ ಎಣ್ಣೆಗ್ರಂಥಿಗಳು ಚುರುಕಾಗುತ್ತವೆ. ಜಿಡ್ಡು, ಸತ್ತ ಜೀವಕೋಶಗಳು ಸೇರಿ ಕೂದಲಿನ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯುವುದು ಅದರೊಳಗೆ. ಮದ್ದು ಅಲ್ಲಿಗೆ ಇಳಿಯಬೇಕು, ಚರ್ಮವನ್ನೂ ಸುಡಬಾರದು.

ಹಾಗಾಗಿ ಆಸ್ಟ್ರೇಲಿಯಾದ ವೈದ್ಯರು ಮೊಡವೆಯಿದ್ದ 124 ಮಂದಿಯ ಮೇಲೆ ಪರೀಕ್ಷೆ ನಡೆಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರಿಗೆ ಯಾವ ಮದ್ದು ಎಂಬುದನ್ನು ವೈದ್ಯರು ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಹಂಚಬೇಕು. ಕೆಲವರಿಗೆ ಶೇ. 5ರಷ್ಟು ಟೀ ಟ್ರೀ ಎಣ್ಣೆಯ ಜೆಲ್, ಉಳಿದವರಿಗೆ ಆಗಲೇ ಬಳಕೆಯಲ್ಲಿದ್ದ ಬೆಂಜಾಯ್ಲ್ ಪೆರಾಕ್ಸೈಡ್. ಆಮೇಲಿನ ಕೆಲಸ ಮೊಡವೆ ಎಣಿಸುವುದು! ನಗಬೇಡಿ, 'ಮುಖ ಚೆನ್ನಾಗಿ ಕಾಣುತ್ತಿದೆ' ಎಂಬ ಮಾತಿಗಿಂತ ಎಣಿಕೆ ಎಷ್ಟೋ ವಾಸಿ. ತಪಾಸಣೆ ಮಾಡುವವರಿಗೆ ಯಾರು ಏನು ಹಚ್ಚಿಕೊಂಡಿದ್ದಾರೆಂದು ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ. ಹಚ್ಚಿಕೊಂಡವರಿಂದ ಮುಚ್ಚಿಡುವುದು ಮಾತ್ರ ಕಷ್ಟ. ಈ ಎಣ್ಣೆಯ ಘಾಟು ವಾಸನೆಯೇ ಗುಟ್ಟು ಬಿಟ್ಟುಕೊಡುತ್ತದೆ.

ಎರಡೂ ಗುಂಪಿನಲ್ಲಿ ಮೊಡವೆ ಕಡಿಮೆಯಾಯಿತು. ಟೀ ಟ್ರೀ ನಿಧಾನ, ಆದರೆ ಅದರಿಂದ ತೊಂದರೆಪಟ್ಟವರು ಕಡಿಮೆ. ಇಷ್ಟಕ್ಕೇ ಒಪ್ಪಬೇಕೆ? ಮೊಡವೆಗಳು ತಾವಾಗಿಯೇ ಇಳಿದಿದ್ದರೆ? ಆ ಅನುಮಾನ ತೀರಬೇಕಾದರೆ ಒಂದು ಗುಂಪಿಗೆ ಮದ್ದೇ ಇಲ್ಲದ ಬರೀ ಜೆಲ್ ಕೊಡಬೇಕು. ಇರಾನಿನ ವೈದ್ಯರು 60 ಮಂದಿಯಲ್ಲಿ ಅದನ್ನೂ ಮಾಡಿ ನೋಡಿ, 2007ರಲ್ಲಿ ವರದಿ ಬರೆದರು. ಎಣ್ಣೆಯಿದ್ದ ಜೆಲ್ಲೇ ಮೇಲುಗೈ ಸಾಧಿಸಿತ್ತು.

ಗೆದ್ದದ್ದು ಶೇ. 5ರ ಜೆಲ್ ಎಂಬುದು ನೆನಪಿರಲಿ. ಅಪ್ಪಟ ಎಣ್ಣೆಯನ್ನೇ ಬಳಿದುಕೊಂಡರೆ ಚರ್ಮ ಉರಿಯಬಹುದು; ನುಂಗಿದರಂತೂ ಅದು ವಿಷ. ಮುಚ್ಚಳ ಸರಿಯಾಗಿ ಹಾಕದ ಹಳೆಯ ಬಾಟಲಿಯಲ್ಲಿ ಗಾಳಿ ಸೋಕಿ ಎಣ್ಣೆಯ ಗುಣವೇ ಬದಲಾಗುತ್ತದೆ, ಆಗ ಅಲರ್ಜಿಯ ಸಂಭವ ಇನ್ನೂ ಹೆಚ್ಚು.