ದಿನದ ಮೊದಲ ಕೆಲಸ ಯಾವುದು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಯದ ಸದುಪಯೋಗದ ಬಗ್ಗೆ ಮಾತನಾಡಬೇಕೆಂದು ನನಗೆ ತಿಳಿಸಲಾಗಿದೆ. ಈ ವಿಷಯದ ಮೇಲೆ ಭಾಷಣ ಕೇಳಿ ಕೇಳಿ ನಿಮಗೆ ಸಾಕಾಗಿರುತ್ತದೆ ಎಂದು ನನಗೆ ಗೊತ್ತು. ಸಮಯ ಅಮೂಲ್ಯ ಎಂದು ಎಷ್ಟೋ ಶಾಲೆಗಳ ಗೋಡೆಯ ಮೇಲೆ ಬರೆದಿದೆ. ಆ ಗೋಡೆಯ ಪಕ್ಕದಲ್ಲೇ ಮಕ್ಕಳು ಪ್ರಾರ್ಥನೆಗೆ ತಡವಾಗಿ ಓಡಿ ಬರುತ್ತಾರೆ. ಆದ್ದರಿಂದ ಸಮಯದ ಮಹತ್ವವನ್ನು ನಾನು ವಿವರಿಸಲು ಹೋಗುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ನಿಮ್ಮ ಮುಂದೆ ಹತ್ತು ಕೆಲಸ ಕಾದಿವೆ. ಅವುಗಳಲ್ಲಿ ಮೊದಲನೆಯದು ಯಾವುದು ಎಂದು ತೀರ್ಮಾನಿಸುವವರು ಯಾರು?

ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಆಗಾಗ ಒಂದು ಚಿಕ್ಕ ಅಭ್ಯಾಸ ಕೊಡುತ್ತೇನೆ. ನಿನ್ನೆ ಶಾಲೆ ಬಿಟ್ಟ ಹೊತ್ತಿನಿಂದ ಮಲಗುವ ತನಕ ಏನೇನು ಮಾಡಿದಿರಿ ಎಂದು ಸಾಲಾಗಿ ಬರೆಯಿರಿ, ಪ್ರತಿ ಕೆಲಸದ ಎದುರಿಗೆ ಅದನ್ನು ಮಾಡಲು ಹೇಳಿದವರು ಯಾರು ಎಂದೂ ಬರೆಯಿರಿ ಎನ್ನುತ್ತೇನೆ. ಅಂಗಡಿಗೆ ಹೋದೆ, ಅಮ್ಮಿ ಹೇಳಿದರು. ಗೂಡಿನ ಚೀಲ ಇಳಿಸಿದೆ, ಅಬ್ಬಾ ಹೇಳಿದರು. ತಂಗಿಯನ್ನು ಟ್ಯೂಷನ್ನಿಗೆ ಬಿಟ್ಟೆ, ದಾದಿ ಹೇಳಿದರು. ಕ್ರಿಕೆಟ್ ಆಡಿದೆ, ಗೆಳೆಯ ಕರೆದ. ಹೀಗೆ ಪುಟ ತುಂಬುತ್ತದೆ. "ನಾನೇ ತೀರ್ಮಾನಿಸಿ ಮಾಡಿದೆ" ಎಂದು ಬರೆಯುವ ಸಾಲು ಬಹಳ ಕಡಿಮೆ. ಮಕ್ಕಳು ಸೋಮಾರಿಗಳಲ್ಲ. ದಿನವಿಡೀ ದುಡಿದು ಮಲಗುವ ಮಕ್ಕಳೇ ಹೆಚ್ಚು. ಆದರೆ ಅವರ ದಿನವನ್ನು ಯಾರು ಗಟ್ಟಿಯಾಗಿ ಕರೆಯುತ್ತಾರೋ ಅವರು ನಡೆಸುತ್ತಾರೆ. ಓದು ಯಾರನ್ನೂ ಕರೆಯುವುದಿಲ್ಲವಾದ್ದರಿಂದ ಅದರ ಸರದಿ ಕಡೆಗೆ ಬರುತ್ತದೆ. ಆಗ ಕಣ್ಣು ಮುಚ್ಚುತ್ತಿರುತ್ತದೆ.

ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದಕ್ಕೆ ಆದ್ಯತೆ ಎನ್ನುತ್ತೇವೆ. ಇದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ರಾಮನಗರದ ಯಾವುದೇ ರೀಲರ್ ಮನೆಗೆ ಹೋಗಿ ನೋಡಿ. ಹುಳು ಚಂದ್ರಿಕೆ ಏರಿ ಎರಡು ಮೂರು ದಿನ ನೂಲು ಸುತ್ತಿ ಗೂಡು ಕಟ್ಟುತ್ತದೆ. ರೈತರು ಅದನ್ನು ಬಿಡಿಸಿ ಮಾರುಕಟ್ಟೆಗೆ ತರುತ್ತಾರೆ. ಗೂಡಿನ ಒಳಗೆ ಇರುವ ಜೀವ ನಮಗಾಗಿ ಕಾಯುವುದಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಅದು ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ತೂತು ಬಿದ್ದರೆ ಆ ಎಳೆ ತುಂಡಾಗಿ ಬಿಚ್ಚಲು ಬಾರದಂತಾಗುತ್ತದೆ. ಹಾಕಿದ ಹಣ ಹೋಯಿತು. ಆದ್ದರಿಂದಲೇ ಹರಾಜಿನಲ್ಲಿ ಕೊಂಡ ಗೂಡು ಮನೆಗೆ ಬಂದ ದಿನ ಅಲ್ಲಿ ಚರ್ಚೆಯೇ ಇಲ್ಲ. ನೆಂಟರು ಬಂದಿರಲಿ, ಬೀದಿಯಲ್ಲಿ ಮದುವೆ ಇರಲಿ, ಹಬೆಯನ್ನೋ ಬಿಸಿಗಾಳಿಯನ್ನೋ ಕೊಟ್ಟು ಗೂಡನ್ನು ಕಾಪಾಡುವುದು ಮೊದಲು, ಉಳಿದದ್ದೆಲ್ಲ ಆಮೇಲೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಂದಿರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಓದಿಗೆ ಈ ಚಿಟ್ಟೆ ಇಲ್ಲ, ತೊಂದರೆ ಇರುವುದೇ ಇಲ್ಲಿ. ಇಂದು ಓದದೆ ಬಿಟ್ಟ ಪಾಠ ನಾಳೆ ತೂತು ಮಾಡಿಕೊಂಡು ಹೊರಗೆ ಬರುವುದಿಲ್ಲ. ಕೊಳೆಯುವುದಿಲ್ಲ, ವಾಸನೆ ಹೊಡೆಯುವುದಿಲ್ಲ. ಜೂನ್ ತಿಂಗಳಿನಿಂದ ಫೆಬ್ರವರಿಯವರೆಗೆ ಸುಮ್ಮನೆ ಚೀಲದಲ್ಲಿ ಕುಳಿತಿರುತ್ತದೆ. ಮಾರ್ಚ್‌ನಲ್ಲಿ ಎಲ್ಲ ಗೂಡುಗಳೂ ಒಂದೇ ದಿನ ತೂತಾಗುತ್ತವೆ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಇದರಿಂದ ಮಕ್ಕಳ ವರ್ಷ ಹಾಳಾಗುವುದು ತಪ್ಪಿತು, ಒಳ್ಳೆಯದೇ. ಆದರೆ "ಪರೀಕ್ಷೆ ಎರಡು ಇದೆಯಲ್ಲ ಸರ್" ಎಂಬ ಮಾತು ಡಿಸೆಂಬರ್‌ನಲ್ಲೇ ಕೇಳಿಬರತೊಡಗಿದೆ. ಬಿದ್ದವರನ್ನು ಎತ್ತಲು ಕೊಟ್ಟ ಕೈಯನ್ನು ನೋಡಿ ಮೊದಲೇ ಬೀಳಲು ಸಿದ್ಧರಾಗುವುದು ಯಾವ ಜಾಣತನ?

1954ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಒಂದು ಭಾಷಣದಲ್ಲಿ ತುರ್ತಿನ ವಿಷಯ ಬೇರೆ, ಮುಖ್ಯವಾದ ವಿಷಯ ಬೇರೆ ಎಂಬ ಅರ್ಥದ ಮಾತನ್ನು, ಒಬ್ಬ ಕಾಲೇಜು ಮುಖ್ಯಸ್ಥರು ಹೇಳಿದ್ದೆಂದು ನೆನಪಿಸಿಕೊಂಡಿದ್ದರು. ಮುಂದೆ 1989ರಲ್ಲಿ ಸ್ಟೀಫನ್ ಕೋವಿ ಎಂಬುವರು ತಮ್ಮ ಪುಸ್ತಕದ ಮೂಲಕ ಈ ವಿಚಾರವನ್ನು ಲೋಕಕ್ಕೆಲ್ಲ ಮುಟ್ಟಿಸಿದರು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ತರಬೇತಿ ನಡೆಯುತ್ತದೆ. ಆದರೆ ಚನ್ನಪಟ್ಟಣದ ಗೊಂಬೆ ಕೆಲಸಗಾರರಿಗೆ ಆ ತರಬೇತಿ ಬೇಕಿಲ್ಲ. ಹಾಲೆ ಮರವನ್ನು ಕಡಿದು ತಂದು ತಿಂಗಳುಗಟ್ಟಲೆ ಒಣಗಲು ಇಡಬೇಕು. ಹಸಿ ಮರವನ್ನು ಕಡೆದರೆ ಗೊಂಬೆ ಆಮೇಲೆ ಬಿರುಕು ಬಿಡುತ್ತದೆ. ಇವತ್ತು ಮರ ಒಣಗಲು ಹಾಕದಿದ್ದರೆ ಇವತ್ತು ಯಾರೂ ಕೇಳುವುದಿಲ್ಲ. ಆರ್ಡರ್ ಕೊಟ್ಟವರು ಫೋನ್ ಮಾಡುವುದು ಇಂದಿನ ಗೊಂಬೆಗಾಗಿಯೇ ಹೊರತು ಮುಂದಿನ ಮರಕ್ಕಾಗಿ ಅಲ್ಲ. ಹಾಗಿದ್ದರೂ ತಿಳಿದ ಕೆಲಸಗಾರ ತುರ್ತಿನ ನಡುವೆಯೂ ಮರಕ್ಕೆ ಒಂದಿಷ್ಟು ಹೊತ್ತು ಕೊಡುತ್ತಾನೆ. 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಹೊಳೆಯುವ ಗೊಂಬೆಯ ಹಿಂದೆ ಇಂಥ ಒಣಗಿದ ಮರ ಇದೆ. ಇನ್ನೊಂದನ್ನೂ ಗಮನಿಸಿ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕೈ ತೆಗೆದು ಬೇರೆ ಕೆಲಸಕ್ಕೆ ಹೋಗುವವರನ್ನು ನಾನು ನೋಡಿಲ್ಲ.

ಕನಕಪುರ, ಮಾಗಡಿ ಕಡೆಯ ರೈತರ ಮಕ್ಕಳಿಗೆ ಹುಳುವಿನ ಉದಾಹರಣೆ ಇನ್ನೂ ಹತ್ತಿರ. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ನಾಲ್ಕನೇ ಜ್ವರ ಎದ್ದ ಮೇಲೆಯೇ ತಿನ್ನುತ್ತದೆ. ಚಾಕಿ ಹುಳು ತಿನ್ನುವುದು ಬಹಳ ಕಡಿಮೆ, ಸಣ್ಣಗೆ ಹೆಚ್ಚಿದ ಎಳೆ ಸೊಪ್ಪು ಒಂದಿಷ್ಟು. ಆದರೂ ಚಾಕಿಯಲ್ಲಿ ಅಲಕ್ಷ್ಯ ಮಾಡಿದರೆ ಬೆಳೆ ಕೈಗೆ ಹತ್ತುವುದಿಲ್ಲ. ಜೂನ್, ಜುಲೈ ತಿಂಗಳ ದಿನಕ್ಕೆ ಅರ್ಧ ಗಂಟೆಯ ಓದು ಈ ಚಾಕಿ ಸೊಪ್ಪಿನಂತೆ.

ಈಗ ನನ್ನ ವಿಷಯಕ್ಕೇ ಬರುತ್ತೇನೆ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವುದರಿಂದ ಉರ್ದು ಮಾಧ್ಯಮದ ಮಕ್ಕಳ ದಿನಚರಿ ನನಗೆ ಚೆನ್ನಾಗಿ ಗೊತ್ತು. ಇಷ್ಟವಾದ ವಿಷಯವನ್ನು ಮೊದಲು ಓದುತ್ತಾರೆ. ಕಷ್ಟವಾದ ಕನ್ನಡವನ್ನು ಭಾನುವಾರಕ್ಕೆ ಇಡುತ್ತಾರೆ. ಭಾನುವಾರ ಯಾರದೋ ಮನೆಯಲ್ಲಿ ದಾವತ್ ಇರುತ್ತದೆ. ಉರ್ದುವಿನಲ್ಲಿ ನಮ್ಮ ಳಕಾರವೂ ಇಲ್ಲ, ಣಕಾರವೂ ಇಲ್ಲ. ಆದ್ದರಿಂದ ಮಗು ಮಳೆ ಎಂದು ಬರೆಯಲು ಹೋಗಿ ಮಲೆ ಎಂದು ಬರೆಯುತ್ತದೆ, ಹಣ್ಣನ್ನು ಹನ್ನು ಮಾಡುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಕಿವಿಗೆ ಅಭ್ಯಾಸ ಇಲ್ಲದಿರುವುದು. ಕಿವಿ ಮತ್ತು ಕೈ ಒಂದೇ ರಾತ್ರಿಯಲ್ಲಿ ಕಲಿಯುವುದಿಲ್ಲ. ಭಾನುವಾರ ಮೂರು ಗಂಟೆ ಕುಳಿತು ಓದುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ ಹತ್ತು ಸಾಲು ಬರೆದರೆ ಹೆಚ್ಚು ಫಲ. ಯಾವ ವಿಷಯದ ಪುಸ್ತಕವನ್ನು ತೆರೆಯಲು ಮನಸ್ಸು ಹಿಂಜರಿಯುತ್ತದೋ ಅದನ್ನೇ ಮೊದಲು ತೆರೆಯಿರಿ. ಮನಸ್ಸು ತಾಜಾ ಇರುವಾಗ ಕಷ್ಟದ್ದು, ದಣಿದ ಮೇಲೆ ಸುಲಭದ್ದು.

ಹಾಗಾದರೆ ಗಂಟೆ ಯಾವುದು? ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಗಂಟೆಗಂಟೆಗೂ ಚೌಕ ಎಳೆದ ವೇಳಾಪಟ್ಟಿಯನ್ನು ನಾನು ನಂಬುವುದಿಲ್ಲ. ಅದು ಮೂರು ದಿನ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನಮ್ಮ ದಿನಕ್ಕೆ ಆಗಲೇ ಐದು ಗುರುತುಗಳಿವೆ. ಅಜಾನ್ ಕೇಳಿಸುವ ಬೀದಿಯಲ್ಲಿ ಗಡಿಯಾರದ ಕೊರತೆ ಇಲ್ಲ. ಮಗ್ರಿಬ್ ನವೆಂಬರ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಆಗುತ್ತದೆ, ಜುಲೈನಲ್ಲಿ ಏಳರ ಹತ್ತಿರಕ್ಕೆ ಹೋಗುತ್ತದೆ. ಆದರೆ ಮಗ್ರಿಬ್‌ಗೂ ಇಶಾಕ್ಕೂ ನಡುವೆ ವರ್ಷವಿಡೀ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಅದನ್ನು ಓದಿಗೆ ಕಟ್ಟಿಹಾಕಿ. ಫಜರ್ ಆದ ಮೇಲೆ ಮತ್ತೆ ಹೊದ್ದು ಮಲಗದೆ ಮುಕ್ಕಾಲು ಗಂಟೆ ಕುಳಿತರೆ ಇನ್ನೂ ಒಳ್ಳೆಯದು. ರಾತ್ರಿ ಮಲಗುವ ಮುಂಚೆ ಒಂದು ಚೀಟಿಯಲ್ಲಿ ನಾಳೆಯ ಮೂರು ಕೆಲಸ ಬರೆದಿಡಿ. ಹತ್ತು ಬರೆದರೆ ಅದು ಚೀಟಿಯಲ್ಲ, ದಿನಸಿ ಪಟ್ಟಿ. ಮೂರರಲ್ಲಿ ಒಂದರ ಮುಂದೆ ಗೂಡು ಎಂದು ಗುರುತು ಹಾಕಿ. ನಾಳೆ ಏನೇ ಆದರೂ ಅದು ಆಗಲೇಬೇಕು. "ವಿಜ್ಞಾನ ಓದುವುದು" ಎಂದು ಬರೆಯಬೇಡಿ, "ಎರಡನೇ ಪಾಠದ ಐದು ಪ್ರಶ್ನೆಗೆ ಉತ್ತರ" ಎಂದು ಬರೆಯಿರಿ. ಆಗ ಮುಗಿಯಿತೋ ಇಲ್ಲವೋ ಎಂದು ಚೀಟಿಯೇ ಹೇಳುತ್ತದೆ.

2024 ಮತ್ತು 2025, ಎರಡೂ ವರ್ಷ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ರಂಜಾನ್ ತಿಂಗಳಿನಲ್ಲಿಯೇ ಆರಂಭವಾಯಿತು. ಸಹ್ರಿ, ಇಫ್ತಾರ್, ತರಾವೀಹ್‌ಗಳ ನಡುವೆ ಸಂಜೆಯ ಓದಿನ ಗಂಟೆ ಕರಗಿಹೋಗುತ್ತದೆ. ಅಂಥ ತಿಂಗಳಲ್ಲಿ ಸಂಜೆಗಾಗಿ ಹೋರಾಡುವುದು ವ್ಯರ್ಥ. ಗೂಡಿನ ಕೆಲಸವನ್ನು ಸಹ್ರಿಯ ನಂತರಕ್ಕೆ ತನ್ನಿ, ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡಿ. ಆದ್ಯತೆ ಅದೇ, ಗಂಟೆ ಮಾತ್ರ ಬೇರೆ.

ಮೊಬೈಲಿನ ಬಗ್ಗೆ ಹೇಳದಿದ್ದರೆ ಹಿರಿಯರು ಬೇಸರ ಮಾಡಿಕೊಂಡಾರು. ನಮ್ಮ ಊರಿನಲ್ಲಿ ರೀಲ್ ಎಂದರೆ ರೇಷ್ಮೆ ಸುತ್ತುವುದು ಎಂದಿತ್ತು. ಈಗ ಮಕ್ಕಳಿಗೆ ರೀಲ್ಸ್ ಎಂದರೆ ಬೇರೆ. ಆ ರೀಲು ಎಷ್ಟು ಬಿಚ್ಚಿದರೂ ಎಳೆ ಮುಗಿಯುವುದಿಲ್ಲ, ಕೈಗೆ ನೂಲೂ ಬರುವುದಿಲ್ಲ. ಓದುವ ಆ ಒಂದು ಗಂಟೆ ಫೋನು ಅಮ್ಮಿಯ ಕೈಯಲ್ಲಿರಲಿ. ಅಮ್ಮಿಯೂ ಅದನ್ನು ನೋಡುತ್ತಾ ಕೂರದಿದ್ದರೆ ಸಾಕು.

ಇನ್ನು ಹಿರಿಯರಿಗೆ ಎರಡು ಮಾತು, ಸ್ವಲ್ಪ ಕಠಿಣವಾದರೆ ಕ್ಷಮಿಸಿ. ಮಗು ತನ್ನ ದಿನವನ್ನು ತಾನೇ ಜೋಡಿಸಿಕೊಳ್ಳಲಿ ಎಂದು ನಾವು ಭಾಷಣ ಮಾಡುತ್ತೇವೆ. ಆದರೆ ದಿನದ ಬೀಗದ ಕೈ ಮಗುವಿನ ಬಳಿ ಇಲ್ಲ, ನಮ್ಮ ಬಳಿ ಇದೆ. ರೇಷ್ಮೆ ಉದ್ಯಮದಲ್ಲಿ ಮಕ್ಕಳ ದುಡಿಮೆಯ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿದಾಗ ಅದರಲ್ಲಿ ಕರ್ನಾಟಕವೂ ಇತ್ತು. 2010ರ ಏಪ್ರಿಲ್‌ನಿಂದ ಕಡ್ಡಾಯ ಶಿಕ್ಷಣದ ಕಾನೂನು ಜಾರಿಗೆ ಬಂದಿತು. ಮಕ್ಕಳು ಶಾಲೆಗೆ ಬಂದರು, ಸಂತೋಷ. ಆದರೆ ಶಾಲೆಯಿಂದ ಮನೆಗೆ ಹೋದ ಮೇಲಿನ ಗಂಟೆಗಳನ್ನು ಯಾವ ಕಾನೂನು ಬಂದು ಎಣಿಸುತ್ತದೆ? ಮನೆಗೆಲಸ ಮಾಡಿಸಲೇಬೇಡಿ ಎಂದು ನಾನು ಹೇಳುವುದಿಲ್ಲ. ಬಡತನದ ಮನೆಯಲ್ಲಿ ಎಲ್ಲರ ಕೈಯೂ ಬೇಕಾಗುತ್ತದೆ. ನಾನು ಕೇಳುವುದು ಒಂದು ಗಂಟೆ. ಆ ಗಂಟೆಯಲ್ಲಿ ಅಂಗಡಿಗೆ ಕಳಿಸಬೇಡಿ, ಬಾಗಿಲು ತೆರೆಯಲು ಎಬ್ಬಿಸಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಣ್ಣ ಓದುತ್ತಿದ್ದರೆ ಮನೆಯವರೆಲ್ಲ ಮೆಲ್ಲಗೆ ಮಾತನಾಡುತ್ತಾರೆ. ತಂಗಿ ಓದುತ್ತಿದ್ದರೆ "ಅದನ್ನು ಅಲ್ಲಿಟ್ಟು ಸ್ವಲ್ಪ ಬಾ" ಎನ್ನುತ್ತಾರೆ. ಆ "ಸ್ವಲ್ಪ" ಇಶಾವರೆಗೆ ಮುಗಿಯುವುದಿಲ್ಲ. ನಾನು ಹೇಳಿದ ಅಭ್ಯಾಸದಲ್ಲಿ ಅತಿ ಉದ್ದದ ಪಟ್ಟಿ ಬರೆಯುವವರು ಹುಡುಗಿಯರೇ. ಚೆನ್ನಾಗಿ ಅಂಕ ತೆಗೆಯುವವರಲ್ಲೂ ಅವರೇ ಹೆಚ್ಚು ಎಂಬುದನ್ನು ನೋಡಿದರೆ, ಆ ಒಂದು ಗಂಟೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ರೊಟ್ಟಿ ಲಟ್ಟಿಸಲು ಅಣ್ಣನಿಗೂ ಎರಡು ಕೈಗಳಿವೆ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಅನೇಕ ಮಕ್ಕಳ ಮನೆಯಲ್ಲಿ ಒಂದೇ ಕೋಣೆ. ಒಂದು ಬದಿ ಒಲೆ, ಒಂದು ಬದಿ ಚರಕ, ನಡುವೆ ಟಿವಿ. ಅಲ್ಲಿ ಗಂಟೆ ಸಿಕ್ಕರೂ ಜಾಗ ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಬೀಗ ಬೀಳುವ ಕೊಠಡಿಗಳು ನಾಲ್ಕೂ ಊರುಗಳಲ್ಲಿವೆ. ಮಗ್ರಿಬ್‌ನಿಂದ ಇಶಾವರೆಗೆ ಒಂದೊಂದು ಊರಿನಲ್ಲಿ ಒಂದೊಂದು ಕೊಠಡಿಯನ್ನಾದರೂ ತೆರೆದಿಡೋಣ. ಹುಡುಗಿಯರಿಗೆ ಪ್ರತ್ಯೇಕ ಜಾಗ, ಅವರನ್ನು ಮನೆಗೆ ತಲುಪಿಸಲು ಒಬ್ಬರು ಹಿರಿಯರು ಬೇಕು. ದೊಡ್ಡ ಖರ್ಚು ಇಲ್ಲ. ದೀಪ, ಚಾಪೆ, ಕುಡಿಯುವ ನೀರು, ದಿನಕ್ಕೊಬ್ಬ ಶಿಕ್ಷಕರು ಅಥವಾ ಪದವೀಧರರು. ವಾರದಲ್ಲಿ ಎರಡು ಸಂಜೆ ನಾನು ಬರುತ್ತೇನೆ. ಉಳಿದ ಸಂಜೆಗಳಿಗೆ ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಕಾರ್ಯದರ್ಶಿಯವರ ಬಳಿ ಇರುವ ಪುಸ್ತಕದಲ್ಲಿ ಬರೆಸಬೇಕು. ಊಟಕ್ಕೆ ಹೋಗುವ ಮುಂಚೆಯೇ ಬರೆಸಿದರೆ ಒಳ್ಳೆಯದು. ಬಿರಿಯಾನಿ ಆದ ಮೇಲೆ ಹೆಸರುಗಳು ಕಡಿಮೆಯಾಗುತ್ತವೆ ಎಂಬುದು ನಮ್ಮ ಎಲ್ಲ ಸಭೆಗಳ ಅನುಭವ.