ತಳಿ ಎಂಜಿನಿಯರಿಂಗ್: ಬಾಯಿಪಾಠ ಬೇಡ, ಬಿಡಿಸಿ ಹೇಳಿ

(ಪಿಯುಸಿ ವಿದ್ಯಾರ್ಥಿಗಳ ಪರೀಕ್ಷಾ ತಯಾರಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೀವಶಾಸ್ತ್ರದಲ್ಲಿ ಯಾವ ಪಾಠ ಕಷ್ಟ ಎಂದು ಬೆಳಿಗ್ಗೆ ನಿಮ್ಮನ್ನು ಕೇಳಿದೆ. ಹೆಚ್ಚಿನವರು ಜೈವಿಕ ತಂತ್ರಜ್ಞಾನದ ಎರಡು ಅಧ್ಯಾಯಗಳನ್ನು ಹೆಸರಿಸಿದಿರಿ. ನನಗೆ ಆಶ್ಚರ್ಯವಾಗಲಿಲ್ಲ. ನಿಮ್ಮಲ್ಲಿ ಅನೇಕರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ನಾನೂ ಅದೇ ದಾರಿಯಲ್ಲಿ ಬಂದವನು. ಪರೀಕ್ಷೆಯ ಹಿಂದಿನ ರಾತ್ರಿ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಮರುದಿನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದರು. ಮೊದಲ ವಾಕ್ಯ ನೆನಪಾಗಲಿಲ್ಲ; ಅದರ ಹಿಂದೆಯೇ ಉಳಿದದ್ದೆಲ್ಲ ಹೋಯಿತು. ಬಾಯಿಪಾಠದ ಗುಣವೇ ಅದು.

ಹಾಗಾದರೆ ಓದುವುದು ಹೇಗೆ? ಒಂದೇ ಒಂದು ಉದಾಹರಣೆಯನ್ನು ಹಿಡಿಯಿರಿ. ಅದನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ, ಪ್ರತಿ ಹೆಜ್ಜೆಗೂ ‘ಏಕೆ?’ ಎಂದು ಕೇಳಿ. ನಾನು ಇನ್ಸುಲಿನ್ ಅನ್ನು ಆರಿಸಿಕೊಳ್ಳುತ್ತೇನೆ.

ಹಿಂದೆ ಇನ್ಸುಲಿನನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಕೆಲವು ರೋಗಿಗಳಿಗೆ ಅದು ಅಲರ್ಜಿ ತರುತ್ತಿತ್ತು. ಮಾನವ ಇನ್ಸುಲಿನನ್ನೇ ಬ್ಯಾಕ್ಟೀರಿಯಾದಿಂದ ತಯಾರಿಸುವ ಪ್ರಯತ್ನ 1978ರಲ್ಲಿ ಪ್ರಯೋಗಾಲಯದಲ್ಲಿ ಫಲಿಸಿತು. 1982ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ಸಿಕ್ಕಿತು.

ಈಗ ಹೆಜ್ಜೆಗಳನ್ನು ನೋಡಿ. ಬೇಕಾದ ಜೀನ್ ಅನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಜೋಡಿಸಬೇಕು. ಎರಡನ್ನೂ ಒಂದೇ ರಿಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸುತ್ತಾರೆ. ಏಕೆ? ಆಗ ತುದಿಗಳು ಒಂದಕ್ಕೊಂದು ಹೊಂದುತ್ತವೆ. ಉದಾಹರಣೆಗೆ ಇಕೋ ಆರ್ ಒನ್ ಎಂಬ ಕಿಣ್ವ ಜಿಎಎಟಿಟಿಸಿ ಎಂಬ ಸಾಲನ್ನು ಗುರುತಿಸಿ, ಎರಡೂ ಎಳೆಗಳಲ್ಲಿ ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಉಳಿಯುವ ಒಂಟಿ ಎಳೆಯ ತುದಿಗಳೇ ಅಂಟು ತುದಿಗಳು. ಅವನ್ನು ಬೆಸೆಯುವ ಕೆಲಸ ಲೈಗೇಸ್ ಕಿಣ್ವದ್ದು.

ಪ್ಲಾಸ್ಮಿಡ್ ತಾನಾಗಿ ಬ್ಯಾಕ್ಟೀರಿಯಾದೊಳಗೆ ಹೋಗುವುದಿಲ್ಲ. ಏಕೆ? ಡಿಎನ್‌ಎ ನೀರನ್ನು ಮೆಚ್ಚುವ ಅಣು. ಕೋಶದ ಪೊರೆಯನ್ನು ಸುಲಭವಾಗಿ ದಾಟಲಾರದು. ಆದ್ದರಿಂದ ಕ್ಯಾಲ್ಸಿಯಂ ಉಪಚಾರ, ಮಂಜುಗಡ್ಡೆಯ ತಂಪು, 42 ಡಿಗ್ರಿಯ ಕ್ಷಣಕಾಲದ ಬಿಸಿ.

ಯಾವ ಬ್ಯಾಕ್ಟೀರಿಯಾ ನಮ್ಮ ಜೀನ್ ಪಡೆಯಿತೆಂದು ತಿಳಿಯುವುದು ಹೇಗೆ? ಅನೇಕರು ಎಡವುವುದು ಇಲ್ಲಿಯೇ. ಪಠ್ಯದಲ್ಲಿರುವ ಪಿಬಿಆರ್ 322 ಪ್ಲಾಸ್ಮಿಡ್ ನೆನಪಿಸಿಕೊಳ್ಳಿ. ಅದರಲ್ಲಿ ಆಂಪಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಔಷಧಗಳನ್ನು ತಡೆದುಕೊಳ್ಳುವ ಎರಡು ಜೀನ್‌ಗಳಿವೆ. ಬ್ಯಾಮ್ ಎಚ್ ಒನ್ ಕತ್ತರಿಸುವ ಜಾಗ ಇರುವುದು ಟೆಟ್ರಾಸೈಕ್ಲಿನ್ ಜೀನ್‌ನ ಒಳಗೆ. ಹೊಸ ಜೀನ್ ಅಲ್ಲಿ ಸೇರಿದರೆ ಆ ಶಕ್ತಿ ಕೆಡುತ್ತದೆ. ಪ್ಲಾಸ್ಮಿಡ್ಡೇ ಸಿಗದ ಬ್ಯಾಕ್ಟೀರಿಯಾ ಆಂಪಿಸಿಲಿನ್‌ನಲ್ಲೇ ಸಾಯುತ್ತದೆ. ಬರಿಯ ಪ್ಲಾಸ್ಮಿಡ್ ಪಡೆದದ್ದು ಎರಡರಲ್ಲೂ ಬೆಳೆಯುತ್ತದೆ. ಆಂಪಿಸಿಲಿನ್‌ನಲ್ಲಿ ಬೆಳೆದು ಟೆಟ್ರಾಸೈಕ್ಲಿನ್‌ನಲ್ಲಿ ಬೆಳೆಯದಿರುವುದೇ ನಮಗೆ ಬೇಕಾದದ್ದು. ಇಷ್ಟು ತಿಳಿದವರಿಗೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಭಯವಿಲ್ಲ.

ಇನ್ಸುಲಿನ್‌ನಲ್ಲಿ 21 ಅಮೈನೋ ಆಮ್ಲಗಳ ಎ ಸರಪಳಿ, 30 ಅಮೈನೋ ಆಮ್ಲಗಳ ಬಿ ಸರಪಳಿ ಇವೆ. ಅಂದು ಅವೆರಡನ್ನೂ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೇರೆ ಬೇರೆಯಾಗಿ ತಯಾರಿಸಿ, ಡೈಸಲ್ಫೈಡ್ ಬಂಧಗಳಿಂದ ಜೋಡಿಸಿದರು.

ಪುನರಾವರ್ತನೆಗೆ ಒಂದು ಕ್ರಮ ಹೇಳುತ್ತೇನೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಈ ಹೆಜ್ಜೆಗಳ ಚಿತ್ರ ಬರೆಯಿರಿ. ಹೆಸರುಗಳನ್ನು ಇಂಗ್ಲಿಷ್‌ನಲ್ಲೇ, ಕಾಗುಣಿತ ತಪ್ಪದಂತೆ ಗುರುತಿಸಿ. ಪರೀಕ್ಷೆಯಲ್ಲಿ ಬೇಕಾದದ್ದು ಅದೇ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ ಪುನಃ ಬರೆಯಿರಿ. ಕೆಂಪು ಕಡಿಮೆಯಾಗುತ್ತಾ ಬರುವುದನ್ನು ನೀವೇ ಕಾಣುವಿರಿ.

ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಉಮ್ಮನೋ ಅಜ್ಜನೋ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಬಹುದು. ಇಂದು ರಾತ್ರಿ ಅವರ ಬಳಿ ಕುಳಿತು, ಆ ಸಣ್ಣ ಬಾಟಲಿಯ ಔಷಧ ಹೇಗೆ ತಯಾರಾಯಿತೆಂದು ಮನೆಮಾತಿನಲ್ಲಿ ಬಿಡಿಸಿ ಹೇಳಿ. ಶಾಲೆಯ ಮೆಟ್ಟಿಲು ಹತ್ತದ ಉಮ್ಮನಿಗೂ ಅರ್ಥವಾಯಿತೆಂದರೆ ಪಾಠ ನಿಮ್ಮದಾಯಿತು. ಪರೀಕ್ಷೆಯ ಕೊಠಡಿಯಲ್ಲಿ ಅದನ್ನು ಇಂಗ್ಲಿಷ್‌ನಲ್ಲಿ ಬರೆಯುವುದಷ್ಟೇ ಉಳಿದ ಕೆಲಸ.